ಸದ್ದಿನ ತೂಕಕ್ಕೊಂದು ಕಲ್ಲು

ನಾನೀಗ ಆಡುತ್ತಿರುವ ಮಾತು ತಮ್ಮ ಮನೆಯಲ್ಲಿ ಎಷ್ಟು ಗಟ್ಟಿಯಾಗಿ ಕೇಳುತ್ತಿದೆಯೆಂದು ಯಾರಾದರೂ ಕೇಳಿದರೆ ನಾನು ಹೇಳಲಾರೆ. ತಾವು ರೇಡಿಯೋದ ಗುಂಡಿಯನ್ನು ಎಷ್ಟು ತಿರುಗಿಸಿದ್ದೀರೋ ಅಷ್ಟು. ಇಲ್ಲಿ ನಾನು ಒಂದೇ ದನಿಯಲ್ಲಿ ಮಾತಾಡುತ್ತಿದ್ದರೂ ಒಂದು ಮನೆಯಲ್ಲಿ ಅದು ಪಿಸುಮಾತು, ಮತ್ತೊಂದರಲ್ಲಿ ಗರ್ಜನೆ. ಇಷ್ಟು ಸರಳವಾದ ಸಂಗತಿಯನ್ನು ಮರೆತು ನಾನು ಒಬ್ಬರ ಮೇಲೆ ತಪ್ಪು ದೂರು ಹೊರಿಸಿದ್ದುಂಟು. ಸದ್ದನ್ನು ಅಳೆಯುವ ಬಗೆಯನ್ನು ವಿವರಿಸುವಾಗ ಆ ಪ್ರಸಂಗವನ್ನು ಮುಚ್ಚಿಡುವುದು ಸರಿಯಲ್ಲ.

ನಮ್ಮ ಬೀದಿಯ ಕೊನೆಯಲ್ಲೊಂದು ಕಲ್ಯಾಣಮಂಟಪವಿದೆ. ಲಗ್ನದ ದಿನಗಳಲ್ಲಿ ಬೆಳಗಿನ ವಾಲಗದಿಂದ ಮೊದಲಾಗಿ ರಾತ್ರಿಯ ಆರತಕ್ಷತೆಯ ವಾದ್ಯಗೋಷ್ಠಿಯವರೆಗೆ ಅಲ್ಲಿ ಧ್ವನಿವರ್ಧಕಕ್ಕೆ ಬಿಡುವಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಸರಾಸರಿ 55 ಡೆಸಿಬೆಲ್, ಅನಂತರ 45 ಡೆಸಿಬೆಲ್ ಮಿತಿ. ಮಿತಿ ಮೀರಿದೆಯೆಂದು ನನ್ನ ಕಿವಿ ಹೇಳುತ್ತಿತ್ತು. ಆದರೆ ಕಿವಿಯ ಸಾಕ್ಷ್ಯವನ್ನು ಯಾರು ಒಪ್ಪುತ್ತಾರೆ? ಸಿಟ್ಟುಗೊಂಡ ಕಿವಿಗೆ ಎಲ್ಲ ಸದ್ದೂ ದೊಡ್ಡದೇ. ಹೀಗಾಗಿ, ಅಳತೆಗೆಂದೇ ತಯಾರಿಸಿದ ಒಂದು ಮೈಕನ್ನೂ ಅದನ್ನು ಕಂಪ್ಯೂಟರಿಗೆ ಸೇರಿಸುವ ಆಡಿಯೋ ಇಂಟರ್ಫೇಸ್ ಎಂಬ ಪೆಟ್ಟಿಗೆಯನ್ನೂ ತರಿಸಿದೆ.

ಸದ್ದೆಂದರೆ ಗಾಳಿಯ ಒತ್ತಡದ ಏರಿಳಿತ. ಮೈಕಿನ ತೆಳುಪೊರೆ ಅದಕ್ಕೆ ಅಲುಗಿ, ತಕ್ಕಷ್ಟು ಕಿರಿದಾದ ವಿದ್ಯುತ್ತನ್ನು ಹೊಮ್ಮಿಸುತ್ತದೆ. ಇಂಟರ್ಫೇಸು 48 ವೋಲ್ಟನ್ನು ಮೈಕಿಗೆ ಉಣಿಸಿ, ಮರಳಿ ಬಂದ ಸಂಕೇತವನ್ನು ಹಿಗ್ಗಿಸಿ, ಅಂಕಿಗಳನ್ನಾಗಿ ಮಾಡಿ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಎಷ್ಟು ಹಿಗ್ಗಿಸಬೇಕೆಂಬುದು ಗೇನ್ ಎಂಬ ಗುಂಡಿಯ ಅಧೀನ. ಕಂಪ್ಯೂಟರಿಗೆ ಗೊತ್ತಿರುವುದಾದರೂ ಏನು? ತನ್ನ ಪಾತ್ರೆ ತುಂಬಿ ತುಳುಕುವ ಅಂಚು ಮಾತ್ರ. ಆ ಅಂಚನ್ನು ಸೊನ್ನೆಯೆಂದು ಇಟ್ಟುಕೊಂಡು, ಬಂದ ಸದ್ದು ಅದಕ್ಕಿಂತ ಎಷ್ಟು ಕೆಳಗಿದೆಯೆಂದಷ್ಟೇ ಅದು ಹೇಳಬಲ್ಲದು: ಋಣ 26, ಋಣ 70, ಹೀಗೆ. ಪಾತ್ರೆ ಪಕ್ಕಾ ಸೇರೋ ಕಚ್ಚಾ ಸೇರೋ ಅದಕ್ಕೆ ತಿಳಿಯದು.

ಡೆಸಿಬೆಲ್ ಎಂಬುದೇ ಹೋಲಿಕೆಯ ಮಾತು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರನ್ನು ಹೊತ್ತ ಈ ಮಾನ ಗ್ರಾಂ, ಮೀಟರುಗಳಂತೆ ತನ್ನಷ್ಟಕ್ಕೆ ತಾನೇ ನಿಲ್ಲದು. ಯಾವುದಕ್ಕೆ ಹೋಲಿಸಿ ಎಂದು ಹೇಳದಿದ್ದರೆ ಅದಕ್ಕೆ ಅರ್ಥವಿಲ್ಲ. ಗಾಳಿಯಲ್ಲಿನ ಸದ್ದಿಗೆ ಹೋಲಿಕೆಯ ತಳವೆಂದರೆ ಒಂದು ಪ್ಯಾಸ್ಕಲ್ ಒತ್ತಡದ ಹತ್ತು ಲಕ್ಷದಲ್ಲಿ 20 ಭಾಗ. ಎಳೆಯ, ಆರೋಗ್ಯವಂತ ಕಿವಿಗೆ ಕೇಳಿಸುವ ಅತಿ ಸಣ್ಣ ಸದ್ದು ಹೆಚ್ಚುಕಡಿಮೆ ಅಷ್ಟೇ. ನಮ್ಮನ್ನು ಸುತ್ತುವರಿದ ವಾಯುಮಂಡಲದ ಒತ್ತಡದಲ್ಲಿ ಅದು ಸುಮಾರು 500 ಕೋಟಿಯಲ್ಲೊಂದು ಪಾಲು! ಒತ್ತಡ ಇಮ್ಮಡಿಯಾದರೆ 6 ಡೆಸಿಬೆಲ್ ಏರುತ್ತದೆ, ಹತ್ತುಮಡಿಯಾದರೆ 20. ಈ ಲೆಕ್ಕದಲ್ಲಿ ಒಂದು ಪ್ಯಾಸ್ಕಲ್ ಎಂದರೆ 94 ಡೆಸಿಬೆಲ್. ಈ 94ನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ತಕ್ಕಡಿಯನ್ನು ಪರೀಕ್ಷಿಸಲು ಮುದ್ರೆಯೊತ್ತಿದ ತೂಕದ ಕಲ್ಲು ಬೇಕಷ್ಟೆ? ಮೈಕಿಗೂ ಹಾಗೆಯೇ ಮೊದಲೇ ಗೊತ್ತಿರುವ ಸದ್ದೊಂದು ಬೇಕು. ಅದನ್ನು ಕೊಡುವ ಸಾಧನವೇ ಕ್ಯಾಲಿಬ್ರೇಟರ್. ಮುಷ್ಟಿಯಲ್ಲಿ ಹಿಡಿಸುವ, ಬ್ಯಾಟರಿಯಿಂದ ನಡೆಯುವ ವಸ್ತು, ತುದಿಯಲ್ಲೊಂದು ಕುಳಿ. ಮೈಕಿನ ಮೂತಿಯನ್ನು ಅದರೊಳಗೆ ತೂರಿಸಿ ಗುಂಡಿಯೊತ್ತಿದರೆ ಸೆಕೆಂಡಿಗೆ 1000 ಕಂಪನಗಳ ಒಂದೇ ಸ್ವರ 94 ಡೆಸಿಬೆಲ್ ಮಟ್ಟದಲ್ಲಿ ಹೊರಡುತ್ತದೆ. 1000 ಕಂಪನವೇ ಏಕೆ? ತಗ್ಗಿನ ಸ್ವರಗಳಿಗೆ ನಮ್ಮ ಕಿವಿ ಮಂದ. ಅದಕ್ಕೆ ಹೊಂದುವಂತೆ ಅಳತೆಯಲ್ಲಿ 'ಎ' ಎಂಬ ತಿದ್ದುಪಟ್ಟಿಯನ್ನು ಬಳಸಿ ಆ ಸ್ವರಗಳನ್ನು ಕಡಿತಗೊಳಿಸುತ್ತಾರೆ. 1000ದಲ್ಲಿ ಆ ಕಡಿತ ಸೊನ್ನೆ. ಪಟ್ಟಿಯಿದ್ದರೂ ಇಲ್ಲದಿದ್ದರೂ ಅಂಕಿ ಬದಲಾಗದು.

ಕಲ್ಲನ್ನು ತೂಗಿದವರು ಯಾರೆಂದು ತಾವು ಕೇಳಬಹುದು. ಕ್ಯಾಲಿಬ್ರೇಟರನ್ನು ಅದಕ್ಕಿಂತ ನಿಖರವಾದ ಮೈಕಿನಿಂದ ಪರೀಕ್ಷಿಸುತ್ತಾರೆ. ಅದನ್ನು ಇನ್ನೂ ನಿಖರವಾದುದರಿಂದ. ಈ ಸರಪಣಿಯ ಕೊನೆಯ ಕೊಂಡಿ ಆಯಾ ದೇಶದ ರಾಷ್ಟ್ರೀಯ ಪ್ರಯೋಗಾಲಯದಲ್ಲಿರುತ್ತದೆ. ನಮ್ಮಲ್ಲಿ ಅದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಸರಪಣಿಯ ತುದಿಯಲ್ಲಿ ನಡೆಯುವ ವಿಧಾನ ಸೊಗಸಾದುದು. ಮೂರು ಮೈಕುಗಳನ್ನು ಎರಡೆರಡಾಗಿ ಮುಖಾಮುಖಿ ಕೂರಿಸಿ, ಒಂದನ್ನು ಮಾತಾಡಿಸಿ ಮತ್ತೊಂದರಿಂದ ಕೇಳಿಸುತ್ತಾರೆ. ಮೂರು ಜೋಡಿಗಳ ವಿದ್ಯುತ್ ಅಳತೆಗಳು ಕೈಗೆ ಬಂದರೆ ಪ್ರತಿಯೊಂದು ಮೈಕಿನ ಸೂಕ್ಷ್ಮತೆಯೂ ಲೆಕ್ಕಕ್ಕೆ ದಕ್ಕುತ್ತದೆ. ಗೊತ್ತಿರುವ ಸದ್ದೊಂದನ್ನು ಹೊರಗಿನಿಂದ ತರಬೇಕಾಗಿಯೇ ಇಲ್ಲ!

ನನ್ನ ಕೆಲಸ ಅಷ್ಟು ದೊಡ್ಡದಲ್ಲ. ಸದ್ದನ್ನು ತಾನಾಗಿ ಏರಿಸಿ ಇಳಿಸುವ ಕಂಪ್ಯೂಟರಿನ ಚಾಳಿಗಳನ್ನೆಲ್ಲ ನಿಲ್ಲಿಸಿದೆ. ಮೈಕಿನ ಮೂತಿ ಕುಳಿಗಿಂತ ಸಣ್ಣದಾದರೆ ನಡುವೆ ತಕ್ಕ ಬಳೆಯನ್ನು ಕೂರಿಸಬೇಕು; ಸಂದು ಉಳಿದರೆ ಒತ್ತಡ ಸೋರಿ ಲೆಕ್ಕ ತಪ್ಪುತ್ತದೆ. ಸ್ವರ ಹೊರಟಾಗ ಪರದೆಯ ಮೇಲೆ ಋಣ 26 ಬಂತು. ನಿಜವಾದುದು 94. ಎಂದಮೇಲೆ ಬಂದ ಅಂಕಿಗೆಲ್ಲ 120 ಕೂಡಿಸಬೇಕು. ಮೈಕಿನೊಂದಿಗೆ ತಯಾರಕರು ಕಳಿಸುವ ತಿದ್ದುಪಡಿಯ ಕಡತವೇ ಸಾಕೆಂದು ಹಲವರು ತಿಳಿಯುತ್ತಾರೆ. ಸಾಮಾನ್ಯವಾಗಿ ಅದು ಹೇಳುವುದು ಯಾವ ಸ್ವರಕ್ಕೆ ಮೈಕು ಸ್ವಲ್ಪ ಹೆಚ್ಚು, ಯಾವುದಕ್ಕೆ ಕಡಿಮೆ ಸ್ಪಂದಿಸುತ್ತದೆಂಬುದನ್ನು. ಗೇನ್ ಗುಂಡಿಯನ್ನು ನಾವು ಎಲ್ಲಿಟ್ಟಿದ್ದೇವೆಂದು ಅದಕ್ಕೇನು ಗೊತ್ತು?

ಆ ಗುಂಡಿಯೇ ನನ್ನನ್ನು ಕೆಡಿಸಿತು. ಮಂಟಪದ ಸದ್ದು ಪರದೆಯ ತೀರ ಕೆಳಗೆ ಹರಿದಾಡುತ್ತಿದ್ದುದರಿಂದ, ಚೆನ್ನಾಗಿ ಕಾಣಲೆಂದು ಗುಂಡಿಯನ್ನು ತುಸು ಏರಿಸಿದೆ. 120 ಕೂಡಿಸುವುದನ್ನು ಮಾತ್ರ ಬಿಡಲಿಲ್ಲ. ಹಗಲಿಗೆ 63, ರಾತ್ರಿ ಹತ್ತರ ಮೇಲೆ 66 ಬಂತು. ದೂರನ್ನು ಸಂಬಂಧಪಟ್ಟ ಕಚೇರಿಗೆ ಕೊಟ್ಟು, ಒಂದು ಪ್ರತಿಯನ್ನು ಮಂಟಪದ ವ್ಯವಸ್ಥಾಪಕರ ಕೈಗೂ ಇತ್ತೆ. ಅವರು ಓದಿ, "ಮೇಷ್ಟ್ರೇ, ನಿಮ್ಮ ತಕ್ಕಡಿ ಸರಿಯಾಗಿದೆಯಷ್ಟೆ?" ಎಂದರು. ನಾನು ಕ್ಯಾಲಿಬ್ರೇಟರಿನ ಪ್ರಮಾಣಪತ್ರವನ್ನೇ ಅವರ ಮುಂದೆ ಚಾಚಿದೆ.

ಸಂಜೆ ಮನೆಗೆ ಬಂದು, ಅವರ ಮಾತು ಚುಚ್ಚುತ್ತಿದ್ದುದರಿಂದ, ಮೈಕಿಗೆ ಮತ್ತೊಮ್ಮೆ ಕ್ಯಾಲಿಬ್ರೇಟರನ್ನು ತೊಡಿಸಿದೆ. 94 ಬರಬೇಕಾದಲ್ಲಿ 103 ಬಂತು. ಕಲ್ಲು ಸರಿಯಾಗಿಯೇ ಇತ್ತು. ತಕ್ಕಡಿಯನ್ನು ಓರೆಮಾಡಿದವನು ನಾನು. ಅಳತೆಯ ಮೊದಲೊಮ್ಮೆ, ಮುಗಿದಮೇಲೊಮ್ಮೆ ಪರೀಕ್ಷಿಸಬೇಕು, ಎರಡರ ನಡುವೆ ಅರ್ಧ ಡೆಸಿಬೆಲ್ ಮೀರಿ ಅಂತರ ಬಂದರೆ ಆ ಅಳತೆಯನ್ನು ಕೈಬಿಡಬೇಕು ಎಂಬುದು ಬಲ್ಲವರ ವಾಡಿಕೆ. ನನ್ನ ಅಂತರ 9.

ಗುಂಡಿಯನ್ನು ಹೊಸದಾಗಿ ಹೊಂದಿಸಿ, ಅಂಟುಪಟ್ಟಿ ಹಚ್ಚಿ ಭದ್ರಪಡಿಸಿ, ಇನ್ನೊಂದು ಮದುವೆಯ ದಿನ ಮತ್ತೆ ಅಳೆದೆ. ಹಗಲು 54: ಮಿತಿಯೊಳಗೆ. ರಾತ್ರಿ 57: ಮಿತಿಗಿಂತ 12 ಹೆಚ್ಚು. ವಾದ್ಯ ನಿಂತಮೇಲೆ ಬೀದಿಯ ಸದ್ದು 43ಕ್ಕೆ ಇಳಿದುದರಿಂದ ಆ ಹೆಚ್ಚಳ ಮಂಟಪದ್ದೇ ಎಂಬುದರಲ್ಲಿ ಸಂದೇಹವಿರಲಿಲ್ಲ. ಹಗಲಿನ ದೂರನ್ನು ಹಿಂದಕ್ಕೆ ಪಡೆಯುವ ಪತ್ರವನ್ನು ಬರೆದು ವ್ಯವಸ್ಥಾಪಕರ ಬಳಿಗೆ ನಾನೇ ಹೋದೆ. ನಾಲ್ಕು ಹೆಜ್ಜೆಯ ದಾರಿ ಅಂದು ಬಹಳ ಉದ್ದವೆನಿಸಿತು.

ಅವರು ಪತ್ರವನ್ನು ಎರಡು ಸಲ ಓದಿದರು. "ಹಗಲಿನದು ಹೊಡೆದುಹಾಕಿದ್ದೀರಿ. ರಾತ್ರಿಯದು?"

"ರಾತ್ರಿಯದು ಉಳಿದಿದೆ," ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಆರತಕ್ಷತೆಯ ದಿನ ನಾನೇ ನಿಮ್ಮ ಮನೆಗೆ ಬರುತ್ತೇನೆ. ಆ ಕಲ್ಲನ್ನು ನನ್ನೆದುರಿಗೇ ಇಟ್ಟು ತೋರಿಸಿ," ಎಂದರು. ಹೇಳಿದಂತೆ ಬಂದರು. ಮೊದಲು ಕೇಳಿದ್ದು ಅಂಟುಪಟ್ಟಿ ಏಕೆಂದು.