ಲಕ್ಷಣವೇ ಇಲ್ಲ, ಪರೀಕ್ಷೆ ಯಾಕೆ?

"ನಂಗೇನೂ ಆಗಿಲ್ವಲ್ಲ ಸಿಸ್ಟರ್, ಪರೀಕ್ಷೆ ಯಾಕೆ?"

ನರ್ಸ್‌ಗಳಿಗೆ ಈ ಪ್ರಶ್ನೆ ಹೊಸದಲ್ಲ. ಉತ್ತರ ಇರೋದು ರೋಗ ತಡೆಯ ಮೂರು ಹಂತಗಳಲ್ಲಿ. ಗರ್ಭಕಂಠದ ಕ್ಯಾನ್ಸರನ್ನೇ ತಗೊಳ್ಳೋಣ.

ಹಂತ ಒಂದು: ರೋಗ ಶುರುವಾಗೋ ಮುಂಚೆ. ಈ ಕ್ಯಾನ್ಸರ್‌ಗೆ ಬಹುತೇಕ ಕಾರಣ ಎಚ್‌ಪಿವಿ ವೈರಸ್. 9ರಿಂದ 14 ವರ್ಷದ ಹುಡುಗಿಯರಿಗೆ ಲಸಿಕೆ ಹಾಕಿಸಿದ್ರೆ ಸೋಂಕನ್ನೇ ತಡೀಬಹುದು.

ಹಂತ ಎರಡು: ಒಳಗೆ ಬದಲಾವಣೆ ಶುರುವಾಗಿದೆ, ಹೊರಗೆ ಲಕ್ಷಣ ಇಲ್ಲ. ಸೋಂಕು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಷ್ಟು ಸಮಯ ನಮ್ಮ ಕೈಲಿದೆ. ತರಬೇತಿ ಪಡೆದ ನರ್ಸ್ ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು ನೋಡ್ತಾರೆ. ಎಲ್ಲಾದ್ರೂ ಬೆಳ್ಳಗಾದ್ರೆ ಅದು ಕ್ಯಾನ್ಸರ್ ಅಂತಲ್ಲ. ಮುಂದಿನ ತಪಾಸಣೆ ಬೇಕು ಅಂತ ಅಷ್ಟೆ.

ಹಂತ ಮೂರು: ರೋಗ ಬಂದಾಗಿದೆ. ಈಗ ತೊಡಕು ಹೆಚ್ಚದಂತೆ ಚಿಕಿತ್ಸೆ, ನೋವು ಶಮನ, ಮತ್ತೆ ಎಂದಿನ ಬದುಕಿಗೆ ಮರಳೋಕೆ ನೆರವು.

ಇಷ್ಟಿದ್ರೂ ಜನ ಯಾಕೆ ಬರಲ್ಲ? 1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯ ಪತ್ತೆಗೆ ಉಚಿತ ಎಕ್ಸ್‌ರೇ ಇತ್ತು. ಆದ್ರೂ ಅನೇಕರು ಬರಲಿಲ್ಲ. ಕಾರಣ ಹುಡುಕಿದ ಮನೋವಿಜ್ಞಾನಿಗಳು ರೂಪಿಸಿದ್ದೇ 'ಆರೋಗ್ಯ ನಂಬಿಕೆ ಮಾದರಿ'. ಅದರಲ್ಲಿ ನಾಲ್ಕು ಮುಖ್ಯ ಪ್ರಶ್ನೆ: ಈ ರೋಗ ನನಗೂ ಬರಬಹುದಾ? ಬಂದ್ರೆ ಎಷ್ಟು ಗಂಭೀರ? ಪರೀಕ್ಷೆಯಿಂದ ಏನು ಲಾಭ? ನನಗಿರೋ ಅಡ್ಡಿ ಏನು: ಮುಜುಗರವಾ, ಭಯವಾ, ಒಂದು ದಿನದ ಕೂಲಿಯಾ?

ಒಳ್ಳೆ ನರ್ಸ್ ಉಪದೇಶ ಶುರು ಮಾಡಲ್ಲ. ಮೊದಲು ಆ ಅಡ್ಡಿ ಯಾವುದು ಅಂತ ಕೇಳ್ತಾರೆ.

ವಯಸ್ಸು 30 ದಾಟಿದ್ಯಾ? ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಗರ್ಭಕಂಠದ ತಪಾಸಣೆ ಬಗ್ಗೆ ವಿಚಾರಿಸಿ. ಲಸಿಕೆ ಹಾಕಿಸಿಕೊಂಡವರಿಗೂ ತಪಾಸಣೆ ಬೇಕೇ ಬೇಕು.