ಕಾಟಾ ಮತ್ತು ಬಿಲ್ಲಿನ ನಡುವೆ ಒಂದು ಡ್ಯಾಮ್

ಸುಗ್ಗಿ ರಾತ್ರಿ.
ಗಂಗಾವತಿಯ ರೈಸ್ ಮಿಲ್ ಮುಂದೆ ಭತ್ತದ ಲಾರಿ ಸಾಲು.
ಕಾಟಾದ ಮೇಲೆ ತೂಕ ಆಯ್ತು.
ಅಷ್ಟರಲ್ಲಿ ಬಿಲ್ಲಿಂಗ್ ಸರ್ವರ್ ಡೌನ್!
ಆ ತೂಕದ ಲೆಕ್ಕ ಎಲ್ಲಿಗೆ ಹೋಗುತ್ತೆ?

ಎರಡನ್ನೂ ನೇರ ಜೋಡಿಸಿದ್ರೆ, ಕಾಟಾನೂ ನಿಲ್ಲುತ್ತೆ.
ರೈತ ಚಳಿಯಲ್ಲಿ ಕಾಯ್ತಾನೆ.
ನಡುವೆ ಬೇಕಾದದ್ದು ಮೆಸೇಜ್ ಬ್ರೋಕರ್.

ಮುನಿರಾಬಾದಿನ ನಮ್ಮ ತುಂಗಭದ್ರಾ ಡ್ಯಾಮ್ ನೆನಪಿಸಿಕೊಳ್ಳಿ.
ಮಳೆಗಾಲದಲ್ಲಿ ಹೊಳೆ ಉಕ್ಕಿ ಬರುತ್ತೆ.
ಗದ್ದೆ ಅಷ್ಟನ್ನೂ ಒಮ್ಮೆಲೆ ಕುಡಿಯಲ್ಲ.
ಡ್ಯಾಮ್ ಹಿಡಿದಿಟ್ಟು,
ಎಡದಂಡೆ ಕಾಲುವೆಗೆ ಹದವಾಗಿ ಬಿಡುತ್ತೆ.

ಬ್ರೋಕರ್ ಮಾಡೋದೂ ಅದೇ.
ಕಾಟಾದ ಸಂದೇಶವನ್ನ ಕ್ಯೂನಲ್ಲಿ ಇಡುತ್ತೆ.
ಬಿಲ್ಲಿಂಗ್ ಎದ್ದಾಗ ಕೊಡುತ್ತೆ.
‘ಸಿಕ್ತು’ ಅಂತ ಉತ್ತರ ಬರೋವರೆಗೂ ಅಳಿಸಲ್ಲ.

ರ‍್ಯಾಬಿಟ್‌ಎಂಕ್ಯೂ ಅನ್ನೋ ಬ್ರೋಕರ್ ಉಚಿತ, 2007ರಿಂದ ಇದೆ.
ಅದರಿಂದಲೇ ಶುರು ಮಾಡಿ.
ಕ್ಯೂ ಡ್ಯೂರಬಲ್ (ರೀಸ್ಟಾರ್ಟ್ ಆದ್ರೂ ಉಳಿಯೋದು) ಇರಲಿ, ಸಂದೇಶ ಪರ್ಸಿಸ್ಟೆಂಟ್ (ಡಿಸ್ಕಿನಲ್ಲಿ ಬರೆದಿಡೋದು) ಇರಲಿ.
ಎರಡೂ ಬೇಕು!
ಒಂದನ್ನ ಮರೆತ್ರೆ,
ಕರೆಂಟ್ ಹೋಗಿ ಬರೋದ್ರೊಳಗೆ ಲೆಕ್ಕ ಮಾಯ.

‘ಸಿಕ್ತು’ ಅನ್ನೋ ಉತ್ತರ ತಪ್ಪಿಹೋದ್ರೆ, ಒಂದೇ ಸಂದೇಶ ಎರಡು ಸಲ ಬರಬಹುದು.
ಕಾಟಾ ಚೀಟಿಯ ನಂಬರ್ ನೋಡಿ.
ಆಗಲೇ ಬಂದಿದ್ರೆ, ಎರಡನೇ ಬಿಲ್ ಹಾಕಬೇಡಿ.
ಅದು ರೈತನ ದುಡ್ಡು.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಾ?
ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಯ್ತು.
ಗೇಟೇ ಕೊಚ್ಚಿಹೋಯ್ತು.
ನಮ್ಮೆಲ್ಲರ ಎದೆ ಝಲ್ಲೆಂದಿತ್ತು.

ಒಂದೇ ಮಷಿನ್ ನಂಬಿ ಕೂತ್ರೆ ಅದೇ ಭಯ.
ಕೆಲಸ ಬೆಳೆದಾಗ ಮೂರು ಮಷಿನ್ ಹಾಕಿ.
ಮೂರರಲ್ಲೂ ಸಂದೇಶದ ಪ್ರತಿ ಇಡೋ ಕೋರಂ ಕ್ಯೂ ಬಳಸಿ.
ಒಂದು ಬಿದ್ರೂ, ಉಳಿದೆರಡು ನಡೆಸ್ತವೆ.

ಬಿಲ್ ಬೆಳಗ್ಗೆ ಆಗ್ಲಿ.
ಲಾರಿ ಈಗಲೇ ಇಳಿಸಲಿ.