ಮೂರು ಸೆಲ್ಲುಗಳ ಗಣಕ

ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹೋಗುವಾಗ, ಕೊಳವೆಬಾವಿಯುಳ್ಳ ಹೊಲಗಳ ಬದುವಿನಲ್ಲಿ ಸ್ಟಾರ್ಟರಿನ ಪಕ್ಕಕ್ಕೆ ಕೂರಿಸಿದ ಇನ್ನೊಂದು ಚಿಕ್ಕ ಪೆಟ್ಟಿಗೆಯನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಅದರೊಳಗೊಂದು ಸಿಮ್ ಕಾರ್ಡ್ ಇರುತ್ತದೆ. ನಡುರಾತ್ರಿ ತ್ರೀ ಫೇಸ್ ಕರೆಂಟು ಬಂದರೆ ರೈತನು ಹಾಸಿಗೆಯಿಂದ ಏಳದೆಯೇ ಮೊಬೈಲಿನಿಂದ ಪಂಪನ್ನು ನಡೆಸಬಲ್ಲನು. ಕತ್ತಲಲ್ಲಿ ಹಾವು ಚೇಳುಗಳ ಭಯದ ನಡುವೆ ಗಂಡನನ್ನೋ ಮಗನನ್ನೋ ಹೊಲಕ್ಕೆ ಕಳುಹಿಸಿ ಎಚ್ಚರವಿದ್ದ ತಾಯಂದಿರಿಗೆ ಈ ಪೆಟ್ಟಿಗೆಯ ಬೆಲೆಯನ್ನು ನಾವು ವಿವರಿಸಬೇಕಾಗಿಲ್ಲ. ಇಂಥ ಪೆಟ್ಟಿಗೆಗಳೊಳಗೆ ಕುಳಿತು ಆಜ್ಞೆಯನ್ನು ಪಾಲಿಸುವುದು ಉಗುರಿನಷ್ಟು ಅಗಲದ ಒಂದು ಚಿಪ್. ಸಾಮಾನ್ಯವಾಗಿ 'ಆರ್ಮ್' ಎಂಬ ವಂಶಕ್ಕೆ ಸೇರಿದ್ದು.

ಈ ವಂಶದ ಹುಟ್ಟು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಶಾಲಾಮಕ್ಕಳಿಗಾಗಿ ಗಣಕಯಂತ್ರ ತಯಾರಿಸುತ್ತಿದ್ದ ಏಕಾರ್ನ್ ಎಂಬ ಸಣ್ಣ ಕಂಪನಿಗೆ ತನ್ನದೇ ಆದ ಚಿಪ್ ಬೇಕಾಗಿತ್ತು. ಹಣವೂ ಜನವೂ ಕಡಿಮೆ. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರು ಅದರ ವಿನ್ಯಾಸವನ್ನು ಕೈಗೆತ್ತಿಕೊಂಡರು. ಅಗ್ಗದ ಪ್ಲಾಸ್ಟಿಕ್ ಹೊದಿಕೆ ಸಾಕಾಗಬೇಕಾದರೆ ಚಿಪ್ ಹೆಚ್ಚು ಬಿಸಿಯಾಗಕೂಡದು. ಆದ್ದರಿಂದ ಅದು 1 ವ್ಯಾಟ್‌ಗಿಂತ ಕಡಿಮೆ ವಿದ್ಯುತ್ತಿನಲ್ಲಿ ನಡೆಯಬೇಕೆಂದು ಗೊತ್ತುಮಾಡಿಕೊಂಡರು. 1985ರ ಏಪ್ರಿಲ್ 26ರಂದು ಮೊದಲ ಚಿಪ್ ಕೈಗೆ ಬಂದಿತು. ಪರೀಕ್ಷೆಯ ವೇಳೆ ಫರ್ಬರ್ ಅವರು ಮಾಪಕವನ್ನು ಜೋಡಿಸಿದಾಗ ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ಹುಡುಕಿ ನೋಡಿದರೆ ಚಿಪ್ಪಿಗೆ ವಿದ್ಯುತ್ತಿನ ಸಂಪರ್ಕವನ್ನೇ ಕೊಟ್ಟಿರಲಿಲ್ಲ! ಸುತ್ತಲಿನ ಸಂಕೇತದ ತಂತಿಗಳಿಂದ ಸೋರಿ ಬಂದ ವಿದ್ಯುತ್ತಿನಲ್ಲೇ ಅದು ತನ್ನ ಲೆಕ್ಕವನ್ನು ಮಾಡುತ್ತಿತ್ತು.

ಇದರ ಗುಟ್ಟನ್ನು ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ನಿಂತು ನೋಡಿದವರು ಸುಲಭವಾಗಿ ಗ್ರಹಿಸಬಲ್ಲರು. ನೇಕಾರನ ಕ್ರಿಯೆಗಳು ಕೆಲವೇ: ಹಾಸಿನ ಎಳೆಗಳನ್ನು ಎತ್ತುವುದು, ಲಾಳಿಯನ್ನು ಹಾಯಿಸುವುದು, ಹೊಕ್ಕನ್ನು ಬಡಿದು ಕೂಡಿಸುವುದು. ಇವೇ ಸಾವಿರಾರು ಬಾರಿ ಕ್ರಮ ತಪ್ಪದೆ ನಡೆದಾಗ ರೇಷ್ಮೆಯ ಸೆರಗಿನಲ್ಲಿ ನವಿಲು ಮೂಡುತ್ತದೆ. ಅಂದಿನ ಇತರ ಚಿಪ್‌ಗಳು ನೂರಾರು ಜಟಿಲ ಆಜ್ಞೆಗಳನ್ನು ಹೊತ್ತು ದೊಡ್ಡದಾಗುತ್ತಿದ್ದವು. ಆರ್ಮ್ ಕೆಲವು ಸರಳ ಆಜ್ಞೆಗಳನ್ನಷ್ಟೇ ಇರಿಸಿಕೊಂಡು ಅವನ್ನು ಬೇಗ ಬೇಗ ನಡೆಸಿತು. ಒಳಗಿನ ಟ್ರಾನ್ಸಿಸ್ಟರುಗಳು ಸುಮಾರು 25 ಸಾವಿರ ಮಾತ್ರ. ಕಡಿಮೆ ಭಾಗಗಳು, ಕಡಿಮೆ ಖರ್ಚು.

1990ರ ನವೆಂಬರಿನಲ್ಲಿ ಏಕಾರ್ನ್, ಆಪಲ್ ಮತ್ತು ವಿ.ಎಲ್.ಎಸ್.ಐ. ಟೆಕ್ನಾಲಜಿ ಸೇರಿ ಆರ್ಮ್ ಅನ್ನು ಪ್ರತ್ಯೇಕ ಕಂಪನಿಯಾಗಿಸಿದವು. ಮೊದಲಿಗೆ 12 ಮಂದಿ ಇಂಜಿನಿಯರುಗಳು. ಕಚೇರಿ ಒಂದು ಹಳೆಯ ಕಣಜದ ಕಟ್ಟಡ. ಅವರು ಚಿಪ್ ತಯಾರಿಸಿ ಮಾರಲಿಲ್ಲ, ವಿನ್ಯಾಸದ ಹಕ್ಕನ್ನು ಮಾರಿದರು. ಆ ಹಕ್ಕನ್ನು ಪಡೆದವರಲ್ಲಿ ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯೂ ಒಂದು. 1996ರಲ್ಲಿ ಅದು ಹೊರತಂದ 'ಸ್ಟ್ರಾಂಗ್ ಆರ್ಮ್' ಅರ್ಧ ವ್ಯಾಟ್‌ಗಿಂತ ಕಡಿಮೆ ವಿದ್ಯುತ್ತಿನಲ್ಲಿ ಅತಿ ವೇಗವಾಗಿ ದುಡಿಯುತ್ತಿತ್ತು. ಮುಂದೆ ಅದು ಇಂಟೆಲ್ ಕಂಪನಿಯ ವಶವಾಯಿತು.

ಈ ಚಿಪ್ಪೇ ನಮ್ಮ ನಾಡಿನ ಒಂದು ಸಾಹಸಕ್ಕೆ ಆಧಾರವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಕಂಪನಿಯವರೊಡಗೂಡಿ 2001ರಲ್ಲಿ 'ಸಿಂಪ್ಯೂಟರ್' ಎಂಬ ಅಂಗೈಗಣಕದ ಮಾದರಿಯನ್ನು ಜನರ ಮುಂದಿಟ್ಟರು. ಕರೆಂಟಿಲ್ಲದ ಹಳ್ಳಿಯಲ್ಲೂ ನಡೆಯಲೆಂದು ಅದಕ್ಕೆ ಮೂರು ಚಿಕ್ಕ ಸೆಲ್ಲುಗಳು. ಓದುಬರಹ ಬಾರದವರಿಗಾಗಿ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ತಂತ್ರಾಂಶ. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಂಡು, ತಂತಮ್ಮ ವಿವರಗಳನ್ನು ಕಾರ್ಡಿನಲ್ಲಿ ಇಟ್ಟುಕೊಳ್ಳಬಹುದಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ತಯಾರಿಸಿದಾಗ ಆರಂಭದ ಬೆಲೆ ಸುಮಾರು 10 ಸಾವಿರ ರೂಪಾಯಿ.

ಮಾರಾಟವಾದದ್ದು ಕೆಲವೇ ಸಾವಿರ. ಮಳೆಯನ್ನು ನಂಬಿ ಶೇಂಗಾ ಬಿತ್ತುವ ಕುಟುಂಬಕ್ಕೆ 10 ಸಾವಿರ ಅಂದು ಸಣ್ಣ ಮೊತ್ತವಾಗಿರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗತೊಡಗಿತು. ಇದನ್ನು ಸೋಲೆಂದು ಕರೆಯಲು ನಮಗೆ ಮನಸ್ಸಿಲ್ಲ. ಆದರೆ ಒಂದು ಮಾತನ್ನು ಮುಚ್ಚಿಡಲಾಗದು: ಯಂತ್ರ ನಮ್ಮದಾಗಿತ್ತು, ಚಿಪ್ ನಮ್ಮದಾಗಿರಲಿಲ್ಲ. ಆ ಸಾಲಿನ ಚಿಪ್ ವ್ಯವಹಾರವನ್ನು ಇಂಟೆಲ್ 2006ರಲ್ಲಿ ಬೇರೊಬ್ಬರಿಗೆ ಮಾರಿತು. ಅದರ ಮುಂದಿನ ಗತಿಯನ್ನು ನಿಶ್ಚಯಿಸುವಲ್ಲಿ ಬೆಂಗಳೂರಿನವರ ಮಾತಿಗೆ ಎಡೆಯಿರಲಿಲ್ಲ. 1985ರಲ್ಲೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿತ್ತು. ಅಂದಿನಿಂದ ಸಾವಿರಾರು ಕನ್ನಡಿಗ ತರುಣರು ಚಿಪ್‌ಗಳ ವಿನ್ಯಾಸ ಮಾಡಿದ್ದಾರೆ, ಹಕ್ಕು ಹೆಚ್ಚಾಗಿ ಹೊರಗಿನವರದು.

ಇದಕ್ಕೊಂದು ದಾರಿ ಈಗ ತೆರೆದಿದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಆರಂಭವಾದ 'ರಿಸ್ಕ್-ಫೈವ್' ಎಂಬ ಆಜ್ಞಾಸಮೂಹವನ್ನು ಯಾರಿಗೂ ಶುಲ್ಕ ತೆರದೆ ಬಳಸಬಹುದು. ಅದನ್ನೇ ಆಧರಿಸಿ ಮದರಾಸಿನ ಐ.ಐ.ಟಿ.ಯವರು ವಿನ್ಯಾಸಗೊಳಿಸಿದ 'ಶಕ್ತಿ' ಚಿಪ್ 2018ರಲ್ಲಿ ಚಂಡೀಗಢದ ಸೆಮಿಕಂಡಕ್ಟರ್ ಪ್ರಯೋಗಾಲಯದಲ್ಲಿ ತಯಾರಾಯಿತು.

ಸಿಂಪ್ಯೂಟರಿನ ಪ್ರಾಧ್ಯಾಪಕರಿದ್ದ ಅದೇ ವಿಜ್ಞಾನ ಸಂಸ್ಥೆಗೆ ಇಂದು ಚಳ್ಳಕೆರೆಯ ಕುದಾಪುರದಲ್ಲಿ 1500 ಎಕರೆಯ ಆವರಣವಿದೆ. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತಿದೆ. ಆ ನೆಲ ಅಮೃತಮಹಲ್ ಕಾವಲಿನದು. ದನಕುರಿಗಳ ಮೇವಿನ ನೆಲವನ್ನು ಸಂಸ್ಥೆಗಳಿಗೆ ಕೊಟ್ಟ ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿತ್ತೆಂಬುದನ್ನು ಸುತ್ತಲಿನ ಹಳ್ಳಿಗಳು ಮರೆತಿಲ್ಲ. ಮೇವಿನ ನೆಲವನ್ನು ಬಿಟ್ಟುಕೊಟ್ಟ ಮನೆಗಳ ಮಕ್ಕಳು ಆ ಬೇಲಿಯೊಳಗೆ ಕಾವಲುಗಾರರಾಗಿ ಮಾತ್ರವಲ್ಲ, ವಿದ್ಯಾರ್ಥಿಗಳಾಗಿಯೂ ಹೋಗಬೇಕು. ಅವರ ಹೊಲದ ಬದುವಿನ ಪೆಟ್ಟಿಗೆ ಅವರಿಗೆ ಆಗಲೇ ಮೊದಲ ಪಾಠವನ್ನು ಹೇಳುತ್ತಿದೆ. ಅದರ ಮುಚ್ಚಳ ತೆಗೆದು ತೋರಿಸುವ ಮೇಷ್ಟ್ರು ಬೇಕು.